ಈ ಶಬ್ದ ಎಲ್ಲಿಂದ ಬಂತ್ರಿ? ಮಕ್ಕಳಿಗೆ ನೆಟ್‌ನಲ್ಲಿ ಪದಮೂಲ ಹುಡುಕಲು ಕಲಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಕೆಲವು ವರ್ಷಗಳಿಂದ ನನ್ನ ಮಕ್ಕಳು ವಾರಕ್ಕೊಂದು ಪೀರಿಯಡ್ ಶಬ್ದಗಳ ಮೂಲ ಹುಡುಕುತ್ತಾರೆ. ಇದನ್ನು ಕೇಳಿದ ಬೇರೆ ಶಾಲೆಯ ಶಿಕ್ಷಕರು, ಪಾಲಕರು, ನಮ್ಮ ಮಕ್ಕಳೇ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರು ಮಾಡುವಾಗ

ಪದಮೂಲ ಹುಡುಕೋದಂದ್ರ ಏನ್ರಿ? ಡಿಕ್ಷನರ್ಯಾಗ ಅರ್ಥ ನೋಡಿದಂಗನ?

ಅಲ್ಲ. ಅರ್ಥ ಅಂದರೆ ಶಬ್ದ ಇವತ್ತು ಏನು ಹೇಳುತ್ತದೆ ಅನ್ನುವುದು. ಮೂಲ ಅಂದರೆ ಅದು ಯಾವ ದಾರಿಯಲ್ಲಿ ನಮ್ಮ ಬಾಯಿಗೆ ಬಂತು ಅನ್ನುವುದು.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಡೆ ರೈತರು 'ಉತಾರ ತಗಸಬೇಕು' ಅಂತಾರೆ. ಹೊಲದ ದಾಖಲೆ ಅಂತ ಎಲ್ಲರಿಗೂ ಗೊತ್ತು. ಮರಾಠಿಯಲ್ಲಿ 'ಉತಾರಾ' ಅಂದರೆ ದೊಡ್ಡ ಪುಸ್ತಕದಿಂದ ಇಳಿಸಿಕೊಂಡ ನಕಲು. ಹಾಗೇ 'ಪಹಣಿ'. ಮರಾಠಿಯ 'ಪಾಹಣೆ' ಅಂದರೆ ನೋಡುವುದು, 'ಪಾಹಣಿ' ಅಂದರೆ ಹೋಗಿ ನೋಡಿ ಮಾಡಿದ ತಪಾಸಣೆ. ಹೊಲಕ್ಕೆ ಬಂದು ಬೆಳೆ ನೋಡಿ ಬರೆದುಕೊಂಡದ್ದೇ ಪಹಣಿ. ಇದು ಗೊತ್ತಾದ ದಿನ ನನ್ನ ಕ್ಲಾಸಿನ ಒಬ್ಬ ಹುಡುಗ ಮನೆಗೆ ಹೋಗಿ ಅಜ್ಜನಿಗೆ ಹೇಳಿದ. ಮರುದಿನ ಅಜ್ಜ ಹಳೆಯ ಕಾಗದದ ಗಂಟನ್ನೇ ಮೊಮ್ಮಗನ ಕೈಲಿ ಕೊಟ್ಟು ಕಳಿಸಿದ್ದರು.

ಟೀಚರ್, ಇದರಿಂದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಏನಾದ್ರೂ ಬರ್ತಾವೇನ್ರಿ?

ಸ್ವಲ್ಪ ಬರುತ್ತವೆ. ತತ್ಸಮ-ತದ್ಭವ, ದೇಶ್ಯ-ಅನ್ಯದೇಶ್ಯ ವ್ಯಾಕರಣದ ಪಾಠದಲ್ಲೇ ಇವೆ. ಪಟ್ಟಿ ಬಾಯಿಪಾಠ ಮಾಡಿದ ಮಕ್ಕಳು ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ತಾವೇ ಹುಡುಕಿದ ಹತ್ತು ಶಬ್ದಗಳನ್ನು ಮರೆಯುವುದಿಲ್ಲ.

ಯಾವ ಕ್ಲಾಸಿನಿಂದ ಶುರು ಮಾಡಬಹುದು? ಮೊದಲು ಯಾವ ಶಬ್ದ ಕೊಡಬೇಕು?

ನಾನು ಎಂಟನೇ ತರಗತಿಯಿಂದ ಶುರು ಮಾಡುತ್ತೇನೆ. ಮೊದಲ ಶಬ್ದ ಯಾವಾಗಲೂ ಅಡಿಗೆಮನೆಯದು. ಮಕ್ಕಳಿಗೆ ಅದರ ವಾಸನೆ ಗೊತ್ತಿರುತ್ತದೆ, ಧೈರ್ಯ ಬರುತ್ತದೆ.

'ಬಳ್ಳೊಳ್ಳಿ' ತಗೊಳ್ಳಿ. ಪುಸ್ತಕದ ರೂಪ 'ಬೆಳ್ಳುಳ್ಳಿ'. ಅದನ್ನು ಬಿಡಿಸಿದರೆ ಬೆಳ್ + ಉಳ್ಳಿ. ಬೆಳ್ ಅಂದರೆ ಬಿಳಿ. ಹಾಗಾದರೆ ಉಳ್ಳಿ ಏನು? ಆಗ ಯಾರಾದರೂ ಒಬ್ಬರು 'ಉಳ್ಳಾಗಡ್ಡಿ!' ಅಂತ ಕೂಗುತ್ತಾರೆ. ಉಳ್ಳಿ + ಗಡ್ಡೆ. ಬೆಂಗಳೂರಿನ ಕಡೆ 'ಈರುಳ್ಳಿ' ಅನ್ನುವುದರಲ್ಲೂ ಅದೇ ಉಳ್ಳಿ ಇದೆ. ತಮಿಳಲ್ಲಿ ಉಳ್ಳಿ, ತೆಲುಗಿನಲ್ಲಿ ಉಲ್ಲಿ. ಹತ್ತು ನಿಮಿಷದಲ್ಲಿ ನಾಲ್ಕು ಊರಿನ ಅಡಿಗೆಮನೆ ಸುತ್ತಿ ಬಂದ ಹಾಗಾಗುತ್ತದೆ.

ನಮ್ಮ ಶಾಲ್ಯಾಗ ನಾಕ ಕಂಪ್ಯೂಟರ್ ಅದಾವ. ನೆಟ್ ಬಂದರ ಬಂತು, ಇಲ್ಲಾಂದ್ರ ಇಲ್ಲ. ಹೆಂಗ ಮಾಡೋದು?

ಒಂದು ಕಂಪ್ಯೂಟರಿಗೆ ಐದಾರು ಮಕ್ಕಳ ಒಂದು ಗುಂಪು, ಒಂದು ಗುಂಪಿಗೆ ಒಂದೇ ಶಬ್ದ. ಬೇಕಾದ ಕೋಶಗಳ ಸ್ಕ್ಯಾನ್ ಪ್ರತಿಗಳನ್ನು ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ನೆಟ್ ಇಲ್ಲದ ದಿನ ಅದೇ ಸಾಕು.

## ಎಲ್ಲಿ ಹುಡುಕಬೇಕು

ಗೂಗಲ್‌ನಾಗ ಹಾಕಿದ್ರ ಏನೇನೋ ಬರ್ತೈತಿ. ಮೊದಲು ಯಾವುದು ನೋಡಬೇಕು?

ನಾನು ಮಕ್ಕಳಿಗೆ ಒಂದು ಕ್ರಮ ಹೇಳಿಕೊಟ್ಟಿದ್ದೇನೆ. ಮೊದಲು 'ಅಲರ್'. ಇದು ವಿ. ಕೃಷ್ಣ ಅವರು ಕಟ್ಟಿದ ಕನ್ನಡ-ಇಂಗ್ಲಿಷ್ ಕೋಶ. 2019ರಿಂದ ನೆಟ್‌ನಲ್ಲಿ ಎಲ್ಲರಿಗೂ ಉಚಿತ. ಒಂದೂವರೆ ಲಕ್ಷಕ್ಕೂ ಜಾಸ್ತಿ ಶಬ್ದಗಳಿವೆ. ಇಲ್ಲಿ ಅರ್ಥ ಗಟ್ಟಿ ಮಾಡಿಕೊಳ್ಳಿ. ಮೂಲಕ್ಕೆ ಮುಂದೆ ಹೋಗಬೇಕು.

ಎರಡನೆಯದು ಕಿಟ್ಟೆಲ್ ಕೋಶ, 1894ರದು. ಮೂರನೆಯದು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು. ಶಬ್ದ ಯಾವ ಕಾವ್ಯದಲ್ಲಿ, ಯಾವ ಶಾಸನದಲ್ಲಿ ಬಂದಿದೆ ಅಂತ ಸಾಲು ಸಮೇತ ತೋರಿಸುವುದು ಇದರ ದೊಡ್ಡ ಗುಣ.

ಆಮೇಲೆ ಷಿಕಾಗೊ ವಿಶ್ವವಿದ್ಯಾಲಯ ನಡೆಸುವ ದಕ್ಷಿಣ ಏಷ್ಯಾದ ಡಿಜಿಟಲ್ ನಿಘಂಟುಗಳ ತಾಣ. ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಮೂಲ ಕೋಶ ಅಲ್ಲಿದೆ. ಮೋಲ್ಸ್‌ವರ್ತ್‌ನ ಮರಾಠಿ ಕೋಶ, ಪ್ಲಾಟ್ಸ್‌ನ ಉರ್ದು ಕೋಶ, ಸ್ಟೈನ್‌ಗಾಸ್‌ನ ಪಾರ್ಸಿ ಕೋಶ, ಬ್ರೌನ್‌ನ ತೆಲುಗು ಕೋಶ ಎಲ್ಲ ಒಂದೇ ಕಡೆ. ದ್ರಾವಿಡ ಕೋಶದಲ್ಲಿ ಕನ್ನಡ ಲಿಪಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಮಕ್ಕಳು ಇಲ್ಲೇ ಬೇಸರಪಟ್ಟು ಕೈ ಬಿಡುತ್ತಾರೆ. ಅದಕ್ಕೆ ಒಂದು ಉಪಾಯ ಇದೆ. ಶಬ್ದದ ಬದಲು ಅದರ ಇಂಗ್ಲಿಷ್ ಅರ್ಥ ಹಾಕಿ. 'ಆನಿಯನ್' ಅಂತ ಕೊಟ್ಟರೆ ಉಳ್ಳಿಯ ಇಡೀ ಬಳಗ ಎದ್ದು ಬರುತ್ತದೆ.

ಕಿಟ್ಟೆಲ್ ಕೋಶ ತೆಗೆದರೆ ಬರೀ ಇಂಗ್ಲಿಷ್ ಸಂಕ್ಷೇಪಗಳು. ಓದೋದು ಹೇಗೆ?

ನಾಲ್ಕು ಗುರುತು ಗೊತ್ತಿದ್ದರೆ ಶಾಲೆಗೆ ಸಾಕು. 'ಟಿ.ಬಿ.ಎಚ್.' ಅಂದರೆ ತದ್ಭವ. 'ಎಚ್.' ಅಂದರೆ ಹಿಂದುಸ್ತಾನಿ. 'ಎಂ.ವೈ.' ಅಂದರೆ ಮೈಸೂರು ಕಡೆಯ ಬಳಕೆ. 'ಎಂ.ಎಚ್.ಆರ್.' ಅಂದರೆ ಮರಾಠಿ ಭಾಷೆ.

ಇದರ ಜೊತೆಗೆ ಇನ್ನೊಂದಿದೆ, ಅದು ನಮ್ಮದು. 'ಎಸ್. ಎಂ.ಎಚ್.ಆರ್.' ಅಂತ ಕಂಡರೆ ದಕ್ಷಿಣ ಮರಾಠಾ ಸೀಮೆ ಅಂತ ಅರ್ಥ. ಬ್ರಿಟಿಷರ ಕಾಲದಲ್ಲಿ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯನ್ನು ಹಾಗೆ ಕರೆಯುತ್ತಿದ್ದರು. ಅಂದರೆ ಅದು ಇಲ್ಲಿನ ಕನ್ನಡಿಗರ ಬಾಯಲ್ಲಿ ಕೇಳಿದ ಶಬ್ದ, ಮರಾಠಿ ಶಬ್ದ ಅಂತಲ್ಲ. ದೊಡ್ಡವರೂ ಇಲ್ಲಿ ಎಡವುತ್ತಾರೆ. ನಮ್ಮ ಮಕ್ಕಳಿಗೆ ಆ ಗುರುತು ಹುಡುಕುವುದೇ ಒಂದು ಆಟ. ನೂರು ವರ್ಷಕ್ಕಿಂತ ಹಿಂದಿನ ಪುಸ್ತಕದಲ್ಲಿ ತಮ್ಮ ಅವ್ವನ ಮಾತು ಕಂಡಾಗ ಅವರ ಮುಖ ನೋಡಬೇಕು ನೀವು.

ನಮ್ಮ ಮನಿ ಮಾತು ಯಾವ ಕೋಶದಾಗೂ ಸಿಗೂದಿಲ್ಲಲ್ರಿ?

ಸಿಗುತ್ತದೆ, ವೇಷ ಬದಲಿಸಿ ಹುಡುಕಬೇಕು. ನಾವು ಮನಿ, ಹೊಳಿ, ಎಲಿ ಅಂತೀವಿ. ಕೋಶದಲ್ಲಿ ಮನೆ, ಹೊಳೆ, ಎಲೆ ಅಂತಿರುತ್ತದೆ. ಕೊನೆಯ 'ಇ'ಯನ್ನು 'ಎ' ಮಾಡಿ ನೋಡಿ.

ಅಲ್ಲೂ ಹಳೆಯ ರೂಪ ಬೇಕಾದರೆ ಮೊದಲ 'ಹ'ವನ್ನು 'ಪ' ಮಾಡಿ. ಹಾಲು ಹಿಂದೆ ಪಾಲ್ ಆಗಿತ್ತು, ಹುಲಿ ಪುಲಿಯಾಗಿತ್ತು, ಹೂವು ಪೂವಾಗಿತ್ತು. ಅಕ್ಕಪಕ್ಕದ ಭಾಷೆಯಲ್ಲಿ ನೆಂಟರನ್ನು ಹುಡುಕುವಾಗ 'ಬ'ವನ್ನು 'ವ' ಮಾಡಿ. ನಮ್ಮ ಬೇರು ತಮಿಳಲ್ಲಿ ವೇರ್, ಬಾಯಿ ವಾಯ್, ಬಾ ವಾ. 'ಕಿ', 'ಕೆ'ಯಿಂದ ಶುರುವಾಗುವ ಶಬ್ದಕ್ಕೆ 'ಚ' ಇಟ್ಟು ನೋಡಿ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ. ಈ ಮೂರು ಕೀಲಿಕೈ ಬೋರ್ಡಿನ ಮೂಲೆಯಲ್ಲಿ ಯಾವಾಗಲೂ ಬರೆದಿರಲಿ.

ಎಐಗೆ ಕೇಳಿದರೆ ಎರಡು ಸೆಕೆಂಡಿನಲ್ಲಿ ಹೇಳುತ್ತದೆ. ಮತ್ಯಾಕೆ ಇಷ್ಟು ಕಷ್ಟ?

ಕೇಳಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಅದು ಹೇಳಿದ್ದು ಸುಳಿವು, ಉತ್ತರ ಅಲ್ಲ. ನಮ್ಮ ಒಬ್ಬ ವಿದ್ಯಾರ್ಥಿನಿ ಕಿಟ್ಟೆಲ್ ಕೋಶದ ಪುಟ ಸಂಖ್ಯೆ ಸಮೇತ ಉತ್ತರ ತಂದಳು. ಪುಟ ತೆಗೆದು ನೋಡಿದರೆ ಆ ಶಬ್ದ ಅಲ್ಲಿ ಇರಲೇ ಇಲ್ಲ. ಅವಳು ತುಂಬಾ ಹೊತ್ತು ಆ ಪುಟ ನೋಡುತ್ತಾ ಕೂತಿದ್ದಳು. ಅವತ್ತಿನಿಂದ ನಮ್ಮ ಕ್ಲಾಸಿನಲ್ಲಿ ಒಂದೇ ನಿಯಮ. ಯಾರೇ ಹೇಳಲಿ, ಪುಟ ತೆಗೆದು ಕಣ್ಣಾರೆ ನೋಡಿದ್ದನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆಯಬೇಕು.

## ಯಾವುದನ್ನು ನಂಬಬೇಕು

ಐಹೊಳೆ ಅಂದ್ರ 'ಅಯ್ಯೋ ಹೊಳೆ' ಅಲ್ಲೇನ್ರಿ? ನಮ್ಮ ಅಜ್ಜಿ ಹಂಗ ಹೇಳ್ತಿದ್ಲು.

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಪರಶುರಾಮ ಮಲಪ್ರಭೆಯಲ್ಲಿ ರಕ್ತದ ಕೊಡಲಿ ತೊಳೆದ, ನೀರು ಕೆಂಪಾಯಿತು, ನೋಡಿದ ಹೆಣ್ಣುಮಗಳು 'ಅಯ್ಯೋ ಹೊಳೆ!' ಅಂದಳು. ಕಥೆ ಚಂದ ಇದೆ. ಅದನ್ನು ಕಥೆಯಾಗಿ ಬರೆದಿಡಿ, ಅಜ್ಜಿ ಹೇಳಿದ್ದು ಅಂತಲೂ ಬರೆಯಿರಿ. ಆಮೇಲೆ ಮೂರು ಪರೀಕ್ಷೆ ಮಾಡಿ.

ಮೊದಲನೆಯದು, ಹಳೆಯ ಬರಹದಲ್ಲಿ ಊರಿನ ಹೆಸರು ಹೇಗಿದೆ? ಶಾಸನಗಳಲ್ಲಿ 'ಅಯ್ಯಾವೊಳೆ' ಅಂತ ಬರುತ್ತದೆ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕರ ಸಂಘದ ಹೆಸರು ತಮಿಳುನಾಡಿನ ಶಾಸನಗಳವರೆಗೂ ಹೋಗಿದೆ. ಎಲ್ಲೂ 'ಅಯ್ಯೋ' ಇಲ್ಲ.

ಎರಡನೆಯದು, ಧ್ವನಿ ಹೊಂದುತ್ತದೆಯೇ? ಆ ಕಾಲದ ಕನ್ನಡದಲ್ಲಿ ಹೊಳೆಗೆ 'ಪೊಳೆ' ಅನ್ನುತ್ತಿದ್ದರು. ಆ ಹೆಣ್ಣುಮಗಳು ಕೂಗಿದ್ದರೂ 'ಹೊಳೆ' ಅಂತ ಕೂಗುತ್ತಿರಲಿಲ್ಲ, ಅಲ್ವಾ?

ಮೂರನೆಯದು, ಆ ಕಾಲದ ಜನ ಹೆಸರನ್ನು ಹೇಗೆ ತಿಳಿದಿದ್ದರು? ಊರಿಗೆ 'ಆರ್ಯಪುರ' ಅಂತಲೂ ಹೆಸರಿತ್ತು. 'ಅಯ್ಯ' ಅನ್ನುವುದನ್ನು ಸಂಸ್ಕೃತದಲ್ಲಿ 'ಆರ್ಯ' ಮಾಡಿದ್ದಾರೆ. ಅವರ ಕಿವಿಗೆ ಕೇಳಿದ್ದು ಹಿರಿಯ ಅನ್ನುವ ಅಯ್ಯ, ನೋವಿನ ಅಯ್ಯೋ ಅಲ್ಲ.

ಅಜ್ಜಿಯನ್ನು ಸುಳ್ಳು ಅಂತ ಹೇಳಬೇಡಿ. ಹೆಸರು ಮೊದಲು ಬಂತು, ಜನ ಅದಕ್ಕೆ ಆಮೇಲೆ ಕಥೆ ಕಟ್ಟಿದರು ಅಂತ ಹೇಳಿ. ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

'ಗು' ಅಂದ್ರೆ ಕತ್ತಲೆ, 'ರು' ಅಂದ್ರೆ ಕಳೆಯೋದು, ಅದಕ್ಕೇ ಗುರು. ಇದೂ ತಪ್ಪಾ?

ಅದು ಭಕ್ತಿಯಿಂದ ಮಾಡಿದ ಹಳೆಯ ವಿವರಣೆ. ಅದಕ್ಕೆ ಅದರದೇ ಬೆಲೆ ಇದೆ. ಆದರೆ ಶಬ್ದ ಹುಟ್ಟಿದ್ದು ಹಾಗಲ್ಲ. ಸಂಸ್ಕೃತದಲ್ಲಿ ಗುರು ಅಂದರೆ ಭಾರವಾದದ್ದು. ಮಕ್ಕಳಿಗೆ ಇದು ಮೊದಲೇ ಗೊತ್ತಿದೆ, ಪ್ರಸ್ತಾರ ಹಾಕುವಾಗ ಗುರು-ಲಘು ಬರೆಯುವುದಿಲ್ಲವೇ? ವಿಜ್ಞಾನದ ಪಾಠದಲ್ಲಿ ಗುರುತ್ವಾಕರ್ಷಣೆ ಓದುವುದಿಲ್ಲವೇ? ಲ್ಯಾಟಿನ್ನಿನಲ್ಲಿ ಭಾರಕ್ಕೆ 'ಗ್ರಾವಿಸ್' ಅನ್ನುತ್ತಾರೆ. ಅದರಿಂದ ಇಂಗ್ಲಿಷಿನ 'ಗ್ರ್ಯಾವಿಟಿ' ಬಂತು. ಗುರು ಮತ್ತು ಗ್ರಾವಿಸ್ ಒಂದೇ ಬೇರಿನವು. ಇದನ್ನು ಹೇಳಿದ ದಿನ ನಮ್ಮ ವಿಜ್ಞಾನದ ಸರ್ ತಮ್ಮ ಪೀರಿಯಡ್ಡನ್ನೂ ನನಗೇ ಕೊಟ್ಟರು.

ಎಲ್ಲಾ ಶಬ್ದನೂ ಸಂಸ್ಕೃತದಿಂದಾನೇ ಬಂದದ್ದು ಅಲ್ವಾ?

ಅಲ್ಲ. ನೀರು, ಮೀನು ನಮ್ಮವು, ದ್ರಾವಿಡ ಬಳಗದವು. ಸಂಸ್ಕೃತದ 'ನೀರ', 'ಮೀನ' ಈ ಕಡೆಯಿಂದ ಆ ಕಡೆಗೆ ಹೋದವು ಅಂತ ವಿದ್ವಾಂಸರು ತೋರಿಸಿದ್ದಾರೆ. ಎರಡು ಭಾಷೆಯಲ್ಲಿ ಒಂದೇ ಶಬ್ದ ಕಂಡರೆ ಯಾರು ಕೊಟ್ಟರು, ಯಾರು ತಗೊಂಡರು ಅಂತ ಬೇರೆಯಾಗಿ ಕೇಳಬೇಕು.

ಬೆಳಗಾವಿಯಲ್ಲಿ ಕಲಿಸ್ತೀನಿ. 'ಇದು ಮರಾಠಿ ಶಬ್ದ' ಅಂದ್ರೆ ಕ್ಲಾಸಲ್ಲಿ ಮನಸ್ತಾಪ ಆಗಲ್ವಾ?

ಆಗಬಹುದು, ಒಂದೇ ಕಡೆಯ ಲೆಕ್ಕ ಹೇಳಿದರೆ. ಎರಡೂ ಕಡೆಯದನ್ನು ಒಂದೇ ದಿನ ಹೇಳಿ. ಗುಳೇದಗುಡ್ಡದ ಖಣದ 'ಖಣ' ಮರಾಠಿಯಲ್ಲೂ ಖಣವೇ. ಉತಾರ, ಪಹಣಿ ಅಲ್ಲಿಂದ ಬಂದವು. ಹಾಗೇ ಮರಾಠಿಯ 'ಅಡ್ಕಿತ್ತಾ' ನಮ್ಮ ಅಡಕೊತ್ತು. ಮರಾಠಿಯವರು ಅಕ್ಕನನ್ನು ಅಕ್ಕಾ, ಅಣ್ಣನನ್ನು ಅಣ್ಣಾ ಅಂತ ಕರೆಯುವುದು ಈ ಕಡೆಯ ಕೊಡುಗೆ. ಮನೆಯಲ್ಲಿ ಮರಾಠಿ ಆಡುವ ಮಕ್ಕಳನ್ನು ಮೋಲ್ಸ್‌ವರ್ತ್ ಕೋಶ ಓದಲು ಕೂರಿಸಿ. ಅವರಷ್ಟು ಬೇಗ ಅದನ್ನು ಯಾರೂ ಓದಲಾರರು.

ಒಂದೇ ಥರ ಕೇಳಿಸಿದ್ರೆ ಒಂದೇ ಮೂಲ ಅಂತ ಹೇಳಬಹುದಾ?

ಸುಮ್ನೆ ಕೇಳಿಸಿದ ಮಾತ್ರಕ್ಕೆ ಹೇಳಬಾರದು. ಗೋಲಗುಮ್ಮಟ ನೋಡಿ ಬಂದ ಮಕ್ಕಳು ಗುಮ್ಮಟ, ಗೊಮ್ಮಟ ಎರಡೂ ಒಂದೇನಾ ಅಂತ ಕೇಳುತ್ತಾರೆ. ತಾರೀಖು ಇಟ್ಟು ನೋಡಿ. ಶ್ರವಣಬೆಳಗೊಳದಲ್ಲಿ ಗೊಮ್ಮಟ ಅನ್ನುವ ಹೆಸರು 10ನೇ ಶತಮಾನದ್ದು. ಕಟ್ಟಡದ ಗುಮ್ಮಟ ಪಾರ್ಸಿಯ 'ಗುಂಬದ್'ನಿಂದ, ಆ ಥರದ ಕಟ್ಟಡಗಳ ಜೊತೆ ಆಮೇಲೆ ಬಂದದ್ದು.

ಬಾದಾಮಿಯೂ ಹಾಗೇ. ಬಂಡೆ ಬಾದಾಮಿ ಬಣ್ಣ ಇದೆ, ಅದಕ್ಕೇ ಆ ಹೆಸರು ಅಂತ ಪ್ರವಾಸದಲ್ಲಿ ಹೇಳುವವರಿದ್ದಾರೆ. ತಿನ್ನುವ ಬಾದಾಮಿ ಪಾರ್ಸಿ ಶಬ್ದ. ಊರಿನ ಹೆಸರು ಅದಕ್ಕಿಂತ ಬಹಳ ಹಳೆಯದು. ಚಾಲುಕ್ಯರ ಕಾಲದಲ್ಲಿ ವಾತಾಪಿ. ಅದಕ್ಕೂ ಮೊದಲು, 2ನೇ ಶತಮಾನದಲ್ಲಿ, ಗ್ರೀಕ್ ಬರಹಗಾರ ಟಾಲೆಮಿ ಹೇಳಿದ 'ಬಡಿಯಮಯೊಯ್' ಇದೇ ಊರು ಅಂತ ಗುರುತಿಸಿದ್ದಾರೆ.

## ಸ್ವಲ್ಪ ಪಳಗಿದ ಮೇಲೆ

ಕಚೇರಿ ಶಬ್ದಗಳೆಲ್ಲ ಉರ್ದು ಅಂತಾರೆ. ಇನ್ನೂ ಹಿಂದೆ ಹೋಗೋದು ಹೇಗೆ?

ಉರ್ದು ಅಂತ ನಿಲ್ಲಿಸಬೇಡಿ, ಅದು ಒಂದು ನಿಲ್ದಾಣ ಅಷ್ಟೇ. ವಿಜಯಪುರದಲ್ಲಿ ಆದಿಲಶಾಹಿ 1490ರಿಂದ 1686ರವರೆಗೆ ಇತ್ತು. ಕಂದಾಯದ, ಕಚೇರಿಯ ಮಾತು ಆಗ ಜಾಸ್ತಿ ಬಂತು. ಪ್ಲಾಟ್ಸ್ ಕೋಶದಲ್ಲಿ ಶಬ್ದದ ಪಕ್ಕ 'ಎ' ಇದ್ದರೆ ಅರಬ್ಬಿ, 'ಪಿ' ಇದ್ದರೆ ಪಾರ್ಸಿ.

ಜಮೀನು, ರಸೀದಿ ಪಾರ್ಸಿ. ವಕೀಲ, ಅರ್ಜಿ, ಹಕ್ಕು, ತಾಲ್ಲೂಕು ಅರಬ್ಬಿ. ತಹಶೀಲ್ದಾರ ಎರಡೂ ಕೂಡಿದ್ದು. ತಹಸೀಲ್ ಅರಬ್ಬಿ, ದಾರ್ ಪಾರ್ಸಿ. 'ಜಿಲ್ಲೆ'ಯನ್ನಂತೂ ತಪ್ಪದೆ ಹುಡುಕಿಸಿ. ಅರಬ್ಬಿಯಲ್ಲಿ ಅದರ ಮೊದಲ ಅರ್ಥ ಪಕ್ಕೆಲುಬು! ಪಕ್ಕೆಲುಬಿನಿಂದ ಪಕ್ಕ, ಪಕ್ಕದಿಂದ ನಾಡಿನ ಒಂದು ಭಾಗ. ನಮ್ಮ 'ಪಕ್ಕೆ', 'ಪಕ್ಕ' ಇಟ್ಟು ನೋಡಿದರೆ ಈ ದಾರಿ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. 'ಕಾನೂನು' ಅರಬ್ಬಿಗೂ ಹೊರಗಿನದು, ಅದು ಗ್ರೀಕಿನ 'ಕಾನೋನ್'.

ಇಂಗ್ಲಿಷ್ ಶಬ್ದನೂ ಹುಡುಕಿಸ್ತೀರಾ?

ಹೌದು. ಇಂಗ್ಲಿಷಿಗೆ ಎಟಿಮಾನ್‌ಲೈನ್ ತಾಣ ಇದೆ, ಸುಲಭ. ಮಹಾಲಿಂಗಪುರದ ಬೆಲ್ಲದ ಪೇಟೆ ನಮ್ಮ ಜಿಲ್ಲೆಯದೇ. ಹಾಗಾಗಿ ನಾನು 'ಜ್ಯಾಗರಿ' ಕೊಡುತ್ತೇನೆ. ಅದು ಪೋರ್ಚುಗೀಸರ 'ಜಾಗರ', ಅವರಿಗೆ ಸಿಕ್ಕಿದ್ದು ಮಲಯಾಳದ 'ಚಕ್ಕರ', ಅದಕ್ಕೂ ಹಿಂದೆ ಸಂಸ್ಕೃತದ 'ಶರ್ಕರಾ'. ನಮ್ಮ 'ಸಕ್ಕರೆ' ಅದೇ ಶರ್ಕರಾದ ತದ್ಭವ. 'ಶುಗರ್' ಕೂಡ ಪಾರ್ಸಿ, ಅರಬ್ಬಿ ದಾರಿ ಸುತ್ತಿ ಯುರೋಪಿಗೆ ಹೋದ ಶರ್ಕರಾವೇ. ಮೂರೂ ಒಂದೇ ಮನೆಯ ಮಕ್ಕಳು. 'ಬೆಲ್ಲ' ಮಾತ್ರ ಬೇರೆ. ತಮಿಳಿನಲ್ಲಿ ವೆಲ್ಲಂ, ತೆಲುಗಿನಲ್ಲಿ ಬೆಲ್ಲಂ. ಬ-ವ ಕೀಲಿಕೈ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ನಮ್ಮ ಊರಿನ ಹೆಸರು ಶಾಸನದಲ್ಲಿ ಹೇಗಿತ್ತು ಅಂತ ನೆಟ್‌ನಲ್ಲಿ ನೋಡಬಹುದಾ?

ನೋಡಬಹುದು, ಸರಿಯಾದ ಸಂಪುಟ ತೆಗೆಯಬೇಕು. ಎಲ್ಲರೂ 'ಎಪಿಗ್ರಾಫಿಯಾ ಕರ್ನಾಟಿಕ' ತೆಗೆಯುತ್ತಾರೆ. ಅದು ಹಳೆ ಮೈಸೂರು ಸೀಮೆ ಮತ್ತು ಕೊಡಗಿನದು. ಬಾಗಲಕೋಟೆ, ಬೆಳಗಾವಿ, ವಿಜಯಪುರ ಈ ನಮ್ಮ ಮೂರು ಜಿಲ್ಲೆಯ ಶಾಸನಗಳಿಗೆ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳನ್ನು ನೋಡಬೇಕು. ಅವು 11ನೇ ಸಂಪುಟದಿಂದ ಶುರುವಾಗುತ್ತವೆ.

ಹುಡುಕುವಾಗ ಜಿಲ್ಲೆಯ ಹೆಸರಿನ ಬಗ್ಗೆ ಎಚ್ಚರ ಇರಲಿ. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಿಂದಿನ ಪುಸ್ತಕದಲ್ಲಿ ಬಿಜಾಪುರ ಅಂತ, ಇನ್ನೂ ಹಿಂದೆ ಕಲಾದಗಿ ಅಂತ ಹುಡುಕಿ. 1884ರ ಬಾಂಬೆ ಗೆಜೆಟಿಯರಿನಲ್ಲಿ (ಬ್ರಿಟಿಷ್ ಸರ್ಕಾರ ತಂದ ಜಿಲ್ಲಾವಾರು ವಿವರಗಳ ಪುಸ್ತಕ) ಬೆಳಗಾವಿ 21ನೇ ಸಂಪುಟ, ಬಿಜಾಪುರ 23ನೇ ಸಂಪುಟ. ಬೆಳಗಾವಿ, ವಿಜಯಪುರ ಅನ್ನುವ ಹೆಸರು ಸರ್ಕಾರದ ಕಾಗದಕ್ಕೆ ಬಂದದ್ದು 2014ರ ನವೆಂಬರ್ 1ರಿಂದ.

ಮಾದರಿಗೆ ಪಟ್ಟದಕಲ್ಲು ತಗೊಳ್ಳಿ. 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಅಂತ ನಾಲ್ಕು ಊರು ಹೆಸರಿಸುತ್ತದೆ. ಅದರಲ್ಲಿ ಒಂದು 'ಕಿಸುವೊಳಲ್'. ಅದೇ ಪಟ್ಟದಕಲ್ಲು. ಇನ್ನೊಂದು ಒಕ್ಕುಂದ, ಅದು ಬೆಳಗಾವಿ ಜಿಲ್ಲೆಯಲ್ಲಿದೆ. ಕಿಸು ಅಂದರೆ ಕೆಂಪು, ಪೊಳಲ್ ಅಂದರೆ ಪಟ್ಟಣ. ಸಂಧಿಯಲ್ಲಿ 'ಪ' ಹೋಗಿ 'ವ' ಬಂತು. ಸರಿಯೋ ತಪ್ಪೋ ಅಂತ ನೋಡಲು ಸಾಕ್ಷಿಯೂ ಇದೆ. ಅದೇ ಊರಿಗೆ ಸಂಸ್ಕೃತದಲ್ಲಿ 'ರಕ್ತಪುರ' ಅನ್ನುವ ಹೆಸರಿತ್ತು. ಅಲ್ಲಿನ ಕೆಂಪು ಕಲ್ಲಿನ ಗುಡಿಯ ಮುಂದೆ ನಿಂತು ಇದನ್ನು ಹೇಳಿ ನೋಡಿ.

ಎಷ್ಟು ಹುಡುಕಿದರೂ ಮೂಲ ಸಿಗದಿದ್ದರೆ ಮಗು ಏನು ಬರೀಬೇಕು?

ಸಿಕ್ಕಷ್ಟು ಬರೆಯಬೇಕು. ಅದಕ್ಕೂ ನಾನು ಪೂರ್ತಿ ಅಂಕ ಕೊಡುತ್ತೇನೆ. ನಮ್ಮ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಇವೆ. 'ಕಣ್ಣಾರೆ ನೋಡಿದ್ದು', 'ಊಹೆ', 'ಮನೆಯಲ್ಲಿ ಕೇಳಿದ್ದು'.

ಕಳೆದ ವರ್ಷ ಒಂದು ಗುಂಪು 'ಗೋವಿನಜೋಳ' (ಮೆಕ್ಕೆಜೋಳ) ಹಿಡಿಯಿತು. ಮೊದಲ ಕಾಲಂನಲ್ಲಿ ಹೀಗೆ ಬರೆದರು. ಈ ಬೆಳೆ ಅಮೆರಿಕ ಖಂಡದ್ದು, ಕೊಲಂಬಸ್ 1492ರಲ್ಲಿ ಅಲ್ಲಿಗೆ ಹೋದ ಮೇಲೆ ಹೊರಗೆ ಬಂತು. 'ಜೋಳ' ಹಳೆಯ ದ್ರಾವಿಡ ಶಬ್ದ. ಅಂದರೆ ಹೊಸ ಬೆಳೆಗೆ ಹಳೆಯ ಹೆಸರು ಹಚ್ಚಿದ್ದಾರೆ, ಮೆಣಸಿಗೆ 'ಕಾಯಿ' ಸೇರಿಸಿ ಮೆಣಸಿನಕಾಯಿ ಮಾಡಿದ ಹಾಗೆ. ಊಹೆಯ ಕಾಲಂನಲ್ಲಿ ಎರಡು ಸಾಲು. ಒಬ್ಬಳು 'ಗೋವಿಗೆ ಹಾಕುವ ಜೋಳ' ಅಂದಳು, ಇನ್ನೊಬ್ಬ 'ಗೋವಾದಿಂದ ಬಂದ ಜೋಳ' ಅಂದ. ಕೊನೆಯ ಕಾಲಂನಲ್ಲಿ ಒಬ್ಬ ಅಜ್ಜನ ಮಾತು, 'ನಾವು ಸಣ್ಣವರಿದ್ದಾಗ ಇದನ್ನ ಯಾರೂ ಇಷ್ಟು ಬಿತ್ತತಿದ್ದಿಲ್ಲ.' ಈ ವರ್ಷದ ಮಕ್ಕಳು ಅದೇ ಪುಟ ತೆಗೆದುಕೊಂಡು, ಹಳೆಯ ಗೆಜೆಟಿಯರಿನ ಬೆಳೆಗಳ ಅಧ್ಯಾಯ ತೆರೆದು ಕೂತಿದ್ದಾರೆ.